ಬಿಳಿ ಬಿಳಿಯಾಗೇ ಇತ್ತು

ರಾಮಾ ಹಸಿರು ಅಂದರೆ ನಮ್ಮ ಕಡೆಯ ಸೀರೆ ಅಂಗಡಿಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಹಸಿರೇ, ಆದರೆ ನೀಲಿಯ ಕಡೆಗೆ ವಾಲಿದ ಹಸಿರು. ಆ ಬಣ್ಣದ ವಿಷಯದಲ್ಲಿ ನಾನು ಮಾಡಿದ ತಪ್ಪಿನಿಂದ ಒಬ್ಬ ನೇಕಾರರ ವ್ಯಾಪಾರಕ್ಕೆ ಪೆಟ್ಟು ಬಿತ್ತು, ಬಣ್ಣ ಹಾಕುವ ಒಬ್ಬರು ಸುಮ್ಮಸುಮ್ಮನೆ ಮಾತು ಕೇಳಬೇಕಾಯಿತು. ಹೇಳಿಕೊಳ್ಳಲು ಹಿತವಾದ ಸಂಗತಿಯಲ್ಲ. ಆದರೂ ಕಂಪ್ಯೂಟರಿನ ಮುಂದೆ ಕುಳಿತು ಫೋಟೋ ತಿದ್ದುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾನಿರುವುದು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ದೇಸೂರಿನಲ್ಲಿ. ಮದುವೆ ಆಲ್ಬಮ್ಮುಗಳ ಫೋಟೋ ತಿದ್ದುವುದು ನನ್ನ ಕೆಲಸ. 2020ರ ಲಾಕ್‌ಡೌನಿನಲ್ಲಿ ಮದುವೆಗಳೂ ನಿಂತವು, ಸೀರೆ ಪೇಟೆಯೂ ಮುಚ್ಚಿತು. ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ನೇಕಾರರ ಮನೆಗಳಲ್ಲಿ ನೇಯ್ದ ಸೀರೆ ಹಾಗೇ ಉಳಿಯಿತು. ಆಗ ನನಗೆ ಬಹಳ ವರ್ಷದಿಂದ ಪರಿಚಯವಿದ್ದ ವಡಗಾವಿಯ ಒಬ್ಬ ನೇಕಾರ ಕಾಕಾ ಫೋನ್ ಮಾಡಿ, "ತಮ್ಮಾ, ಚೊಲೋ ಫೋಟೋ ತೆಗದು ಕೊಡು, ಮೊಬೈಲ್‌ದಾಗ ಕಳಿಸಿ ಮಾರ್ತೀನಿ" ಅಂದರು. ಒಪ್ಪಿಕೊಂಡೆ.

ಸುಣ್ಣ ಹಚ್ಚಿದ ಗೋಡೆಯ ಮುಂದೆ ಸೀರೆಗಳನ್ನು ಇಳಿಬಿಟ್ಟು ಫೋಟೋ ತೆಗೆದೆ. ಫೋಟೋಶಾಪಿನಲ್ಲಿ ತೆರೆದರೆ ರಾಮಾ ಹಸಿರು ಕಣ್ಣು ತುಂಬುವಂತಿತ್ತು. ಕಾಕಾನ ಮೊಬೈಲಿಗೆ ಹೋದ ಮೇಲೆ ಅದೇ ಹಸಿರು ಮಂಕಾಗಿ, ಬೂದಿಗೆ ತಿರುಗಿದಂತೆ ಕಾಣುತ್ತಿತ್ತು. ಕೊಳ್ಳುವವರು ನೋಡಿ ಸುಮ್ಮನಾಗುತ್ತಿದ್ದರು.

ಅದೇ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲಿ ಇನ್ನೊಂದು ಕಾಟ ಶುರುವಾಗಿತ್ತು. ಫೋಟೋ ದೊಡ್ಡದು ಮಾಡಿದಾಗ ತೆರೆಯ ಮೇಲೆ ಅಲ್ಲಲ್ಲಿ ಕಪ್ಪು ಚೌಕಗಳು ಬೀಳುತ್ತಿದ್ದವು. ಗ್ರಾಫಿಕ್ಸ್ ಕಾರ್ಡೇ ಕೆಟ್ಟಿದೆ, ಬಣ್ಣವನ್ನೂ ಅದೇ ಕೆಡಿಸುತ್ತಿದೆ ಎಂದು ಎರಡನ್ನೂ ಗಂಟು ಹಾಕಿದೆ. ಹಳೆಯ ಡ್ರೈವರ್ ತೆಗೆದು ಹೊಸದನ್ನು ಹಾಕಿದೆ. ಕಪ್ಪು ಚೌಕಗಳು ಹೋದವು, ಬಣ್ಣ ಮಾತ್ರ ಹಾಗೇ ಇತ್ತು. ಆಗಲಾದರೂ ಇವು ಎರಡು ಬೇರೆ ಬೇರೆ ರೋಗ ಎಂದು ತಿಳಿಯಬೇಕಿತ್ತು. ನಾನು ಕೈಗಡ ಮಾಡಿ ಹೊಸ ಮಾನಿಟರ್ ತಂದೆ. ಅದರಲ್ಲಿ ಹಸಿರು ಮೊದಲಿಗಿಂತ ಚೆಂದ ಕಂಡಿತು. ನನ್ನ ಕಣ್ಣಿಗೆ ಸರಿ ಕಂಡದ್ದನ್ನೇ ಸರಿ ಎಂದು ನಂಬಿದೆ.

ಮೊಬೈಲಿನಲ್ಲಿ ಮಂಕಾಗುವುದಾದರೆ ಮೊದಲೇ ಗಾಢ ಮಾಡಿ ಕಳಿಸೋಣ ಎಂದು ಸ್ಯಾಚುರೇಶನ್ ಏರಿಸಿದೆ. ಕೆಲವರ ಮೊಬೈಲಿನಲ್ಲಿ ಸರಿ ಕಂಡಿತು, ಕೆಲವರದರಲ್ಲಿ ಹಸಿರು ಕಣ್ಣಿಗೆ ಕುಕ್ಕುವಂತೆ ಹೊಳೆಯಿತು, ಅರಿಸಿನ ಬಣ್ಣದ ದಡಿ ಕಿತ್ತಳೆಗೆ ಹೋಯಿತು. ಆ ಹೊಳಪು ನೋಡಿ ಸೀರೆ ತರಿಸಿಕೊಂಡವರು, "ಫೋಟೋದಾಗ ಒಂದು, ಪಾರ್ಸಲ್‌ದಾಗ ಒಂದು" ಎಂದು ವಾಪಸು ಕಳಿಸತೊಡಗಿದರು. ಹೋಗಿಬರುವ ಖರ್ಚೆಲ್ಲ ಕಾಕಾನ ಮೇಲೆ ಬಿತ್ತು.

ಅವರು ಕೇಳಿದಾಗ ನಾನು ಕೊಟ್ಟ ಉತ್ತರವನ್ನು ಇಂದಿಗೂ ಮರೆಯಲಾಗಿಲ್ಲ. "ಕಾಕಾ, ನಿಮ್ಮ ನೂಲಿಗೆ ಬಣ್ಣ ಹಾಕೋದ್ರಾಗ ಫರಕ ಐತಿ, ಒಂದೊಂದ ಸಲ ಒಂದೊಂದ ಥರಾ ಬರ್ತೈತಿ ನೋಡ್ರಿ" ಅಂದುಬಿಟ್ಟೆ. ನನ್ನಲ್ಲಿ ಯಾವ ಪುರಾವೆಯೂ ಇರಲಿಲ್ಲ. ಕಾಕಾ ಮರುಮಾತಾಡಲಿಲ್ಲ. ಕಂಪ್ಯೂಟರ್ ಬಲ್ಲವನು ಹೇಳಿದ್ದೆಂದು ನಂಬಿ, ಬಣ್ಣ ಹಾಕುವವರ ಮನೆಗೆ ಹೋಗಿ ಜಗಳ ತೆಗೆದರು.

ಕೆಲವು ದಿನಗಳ ಮೇಲೆ, ವಾಪಸು ಬಂದ ಸೀರೆಯೊಂದನ್ನು ಕಂಕುಳಲ್ಲಿ ಹಿಡಿದುಕೊಂಡು ಕಾಕಾ ದೇಸೂರಿಗೇ ಬಂದರು. ನಾನು ಸ್ಯಾಚುರೇಶನ್ ಏರಿಸುವ ಮುಂಚಿನ ಫೋಟೋ ಅವರ ಮೊಬೈಲಿನಲ್ಲಿ ಇನ್ನೂ ಇತ್ತು. ಕಿಟಕಿಯ ಬೆಳಕಿಗೆ ಸೆರಗು ಬಿಡಿಸಿ, ಮೊಬೈಲನ್ನು ಅದರ ಮೇಲೆಯೇ ಇಟ್ಟರು. ಆಮೇಲೆ ನನ್ನ ತೆರೆಯ ಮೇಲಿನ ಫೋಟೋ ನೋಡಿದರು. ಬಟ್ಟೆಯ ಬಣ್ಣವನ್ನು ಜನ್ಮವಿಡೀ ನೋಡಿದ ಕಣ್ಣು ಅದು. ಸ್ವಲ್ಪ ಹೊತ್ತಿನ ಮೇಲೆ, "ತಮ್ಮಾ, ಗ್ವಾಡಿ ಎರಡರಾಗೂ ಬೆಳ್ಳಗ ಐತಿ. ಬಿಳಿ ಬಿಳಿಯಾಗೇ ಐತಿ. ಹಸರಷ್ಟ ಯಾಕ ಸತ್ತೈತಿ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಪ್ಪು ಕೈಗೆ ಸಿಕ್ಕಿತು. ನನ್ನ ಕ್ಯಾಮೆರಾ ಅಡೋಬಿ ಆರ್‌ಜಿಬಿ ಎಂಬ ಬಣ್ಣದ ಅಳತೆಯಲ್ಲಿ ಫೋಟೋ ತೆಗೆಯುತ್ತಿತ್ತು. 1998ರಲ್ಲಿ ಮುದ್ರಣದ ಅನುಕೂಲಕ್ಕೆಂದು ಬಂದ ಈ ಅಳತೆಯಲ್ಲಿ ಹಸಿರು ಮತ್ತು ನೀಲಿಹಸಿರಿಗೆ ಹೆಚ್ಚು ಜಾಗವಿದೆ. ಮೊಬೈಲು, ಸಾಮಾನ್ಯ ತೆರೆಗಳು ರೂಢಿಯಾಗಿ ಹಿಡಿಯುವುದು 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ ಎಸ್‌ಆರ್‌ಜಿಬಿ ಅಳತೆಯನ್ನು. ಫೈಲಿನೊಳಗೆ ಇರುವುದು ಬರೀ ಅಂಕಿ. ಅದನ್ನು ಯಾವ ಅಳತೆಯಲ್ಲಿ ಓದಬೇಕೆಂದು ಹೇಳುವುದು ಜೊತೆಗಿರುವ ಪ್ರೊಫೈಲ್. ಅದಿಲ್ಲದ ಫೋಟೋ, ಮೀಟರೋ ಗಜವೋ ಬರೆಯದೆ ಸೀರೆಗೆ ಬರೀ 6 ಎಂದು ಚೀಟಿ ಅಂಟಿಸಿದ ಹಾಗೆ. ಎರಡೂ ಅಳತೆಗಳಲ್ಲಿ ಬಿಳಿ ಒಂದೇ, ಹಸಿರಿನ ತುದಿ ಮಾತ್ರ ಬೇರೆ. ಆದ್ದರಿಂದಲೇ ಗೋಡೆ ಸರಿಯಿದ್ದು ಸೀರೆ ಕೆಟ್ಟಿತ್ತು.

ನನ್ನ ಫೋಟೋಗಳಲ್ಲಿ ಪ್ರೊಫೈಲ್ ಯಾಕೆ ಇರಲಿಲ್ಲ? ಫೋಟೋ ಉಳಿಸುವಾಗ ಫೈಲ್ ಚಿಕ್ಕದಾಗಲಿ ಎಂದು ಎಸ್‌ಆರ್‌ಜಿಬಿಗೆ ಬದಲಿಸುವ ಟಿಕ್ಕನ್ನೂ ಪ್ರೊಫೈಲ್ ಸೇರಿಸುವ ಟಿಕ್ಕನ್ನೂ ನಾನೇ ತೆಗೆದಿದ್ದೆ. ಅಡೋಬಿ ಆರ್‌ಜಿಬಿಯ ಪ್ರೊಫೈಲ್ ಇರುವುದು ಬರೀ 560 ಬೈಟ್. ಅಷ್ಟನ್ನು ಉಳಿಸಲು ಹೋಗಿ ಇಷ್ಟೆಲ್ಲ ಆಯಿತು.

ಕಾಕಾನಿಗೆ ಹೇಳಿದೆ. "ಆತ ಬಿಡು, ಸಿಕ್ಕತಲ್ಲ" ಅಂದರು. ಅವರ ಜೊತೆ ಬಣ್ಣ ಹಾಕುವವರ ಮನೆಗೂ ಹೋದೆ. ಅವರು ಒಂದೂ ಬಿರುಸು ಮಾತು ಆಡಲಿಲ್ಲ. ಒಳಗಿಂದ ನೂಲಿನ ಲಡಿಗಳನ್ನು ತಂದು ಒಂದರ ಪಕ್ಕ ಒಂದು ಇಟ್ಟರು. ಬೇರೆ ಬೇರೆ ಸಲ ಅದ್ದಿದವು, ಬಣ್ಣದಲ್ಲಿ ಕೂದಲೆಳೆಯ ಫರಕೂ ಇರಲಿಲ್ಲ. ತಲೆ ಎತ್ತಿ ಅವರ ಮುಖ ನೋಡಲು ನನಗಾಗಲಿಲ್ಲ.

ತೊಂದರೆ ಬಂದಾಗ ಕಾರ್ಡನ್ನು, ಡ್ರೈವರನ್ನು, ಮಾನಿಟರನ್ನು, ಕೊನೆಗೆ ಬಣ್ಣ ಹಾಕುವವರನ್ನೂ ಅನುಮಾನಿಸಿದೆ. ದಿನವೂ ನನ್ನ ಕೈಯೇ ಒತ್ತುತ್ತಿದ್ದ, ಫೋಟೋ ಉಳಿಸುವ ಕಿಟಕಿಯೊಂದನ್ನು ಮಾತ್ರ ಗಮನವಿಟ್ಟು ನೋಡಲಿಲ್ಲ. ನನ್ನ ಕೆಲಸದ ಹೆಸರು ದೊಡ್ಡದು, ಬಣ್ಣದಲ್ಲಿ ಕೈ ಅದ್ದುವವರ ಮಾತಿಗೆ ಬೆಲೆ ಕಡಿಮೆ. ಅದರಿಂದಲೇ ನನ್ನ ತಪ್ಪು ಅಷ್ಟು ಸಲೀಸಾಗಿ ಅವರ ತಲೆಗೆ ಹೋಯಿತು. ಏನು ಕೆಟ್ಟಿದೆ ಎಂದು ನಾನು ಹುಡುಕುತ್ತಿದ್ದೆ, ಏನು ಕೆಟ್ಟಿಲ್ಲ ಎಂದು ಕಾಕಾ ನೋಡಿದರು. ದಾರಿ ತೋರಿದ್ದು ಅದು.

ಫೋಟೋ ತಿದ್ದುವ ಗೆಳೆಯರಿಗೆ ನನ್ನದೊಂದು ಮಾತು. ಬಣ್ಣ ಕೆಟ್ಟಂತೆ ಕಂಡರೆ ಮೊದಲು ಬಿಳಿಯನ್ನು ನೋಡಿ. ಬಿಳಿಯೇ ಹಳದಿಗೋ ನೀಲಿಗೋ ತಿರುಗಿದ್ದರೆ ವಿಂಡೋಸಿನ ನೈಟ್ ಲೈಟ್ ಮತ್ತು ಮಾನಿಟರಿನ ಪ್ರೊಫೈಲ್ ನೋಡಿ. ಕಪ್ಪು ಚೌಕ ಬಿದ್ದರೆ, ಫೋಟೋ ಮೂಡದೇ ಹೋದರೆ ಫೋಟೋಶಾಪಿನ ಪ್ರಿಫರೆನ್ಸಿನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಆಫ್ ಮಾಡಿ ನೋಡಿ, ಸರಿಹೋದರೆ ಡ್ರೈವರ್ ಬದಲಿಸಿ. ಬಿಳಿ ಸರಿಯಿದ್ದು, ಬೇರೆ ಕಡೆ ತೆರೆದಾಗ ಗಾಢ ಬಣ್ಣಗಳಷ್ಟೇ ಮಂಕಾದರೆ ನೀವು ಫೈಲ್ ಉಳಿಸುವ ಕ್ರಮವನ್ನು ನೋಡಿ. ಮೊಬೈಲಿಗೆ ಹೋಗುವ ಫೋಟೋವನ್ನು ಎಸ್‌ಆರ್‌ಜಿಬಿಗೆ ಬದಲಿಸಿ, ಪ್ರೊಫೈಲ್ ಸೇರಿಸಿಯೇ ಕಳಿಸಿ. ಇಷ್ಟನ್ನೂ ನೋಡಿ ಮುಗಿಸುವವರೆಗೆ ಬಣ್ಣ ಹಾಕಿದವರ ಕಡೆ ಬೆರಳು ತೋರಿಸಬೇಡಿ.