ದೋಆಬಿನ ನೀರು, ನದಿ ರೀವದ ದಿಬ್ಬ

ಲಿಂಗಸುಗೂರು,
ಫಾಲ್ಗುಣ ಮಾಸ

ಪೂಜ್ಯ ಅಕ್ಕನವರಿಗೆ,

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ ಹರಿಯುವ ರಾಯಚೂರು ದೋಆಬಿನಲ್ಲಿ, ಅಂದರೆ ಎರಡು ನದಿಗಳ ನಡುವಣ ಈ ಸೀಮೆಯಲ್ಲಿ, ಹಕ್ಕಿಗಳ ಛಾಯಾಚಿತ್ರ ತೆಗೆಯಲು ಬರುವವರು ಮೊದಲು ವಿಚಾರಿಸಬೇಕಾದದ್ದು ನದಿಯ ನೀರಿನ ಮಟ್ಟವನ್ನು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಹಳ್ಳಿಗಳ ನೇರ ಸಂಪರ್ಕ ಕಡಿದುಹೋಗುತ್ತದೆ. ಮಳೆಗಾಲ ಕಳೆದು ಹರಿವು ಇಳಿದ ಮೇಲೆ ಅದೇ ಪಾತ್ರದಲ್ಲಿ ಬಂಡೆಗಳೂ ಮರಳುದಿಬ್ಬಗಳೂ ಮಡುಗಳೂ ತೆರೆದುಕೊಂಡು, ನೀರುಕಾಗೆ, ಹಾವಕ್ಕಿ, ಕೊಕ್ಕರೆ, ಮಿಂಚುಳ್ಳಿಗಳಿಗೆ ಬೇಟೆಯ ತಾಣವೂ ವಿಶ್ರಾಂತಿಯ ತಾಣವೂ ಒಟ್ಟಿಗೇ ಸಿಗುತ್ತವೆ.

ಕೃಷ್ಣೆ ಎರಡು ಕವಲಾಗಿ ಬಳಸಿ ಹರಿಯುವ ಜಲದುರ್ಗದ ಕಡೆ ಹರಗೋಲಿನಲ್ಲಿ ಕುಳಿತು ಚಿತ್ರ ತೆಗೆಯುವುದಕ್ಕೆ ಒಂದು ವಿಶೇಷ ಅನುಕೂಲವಿದೆ. ದಡದ ಮೇಲೆ ನಿಂತು ತೆಗೆದ ಚಿತ್ರದಲ್ಲಿ ಹಕ್ಕಿ ಕೆಳಗೆ ಬಿದ್ದಂತೆ ಕಾಣುತ್ತದೆ. ಹರಗೋಲು ನೀರಿಗೆ ತೀರ ಹತ್ತಿರವಿರುವುದರಿಂದ ಹಕ್ಕಿಯ ಕಣ್ಣಿನ ಮಟ್ಟಕ್ಕೇ ಮಸೂರ ಬರುತ್ತದೆ. ಆದರೆ ಹರಗೋಲು ತಿರುಗುತ್ತಲೇ ಇರುವುದರಿಂದ ಮುಕ್ಕಾಲಿಗೆ ಅಲ್ಲಿ ಕೆಲಸವಿಲ್ಲ. ಮಸೂರವನ್ನು ಮೊಣಕಾಲಿನ ಮೇಲೆ ಊರಿ, ಬೆಳಕು ಒಳಗೆ ಬೀಳುವ ಅವಧಿಯನ್ನು ನಿಯಂತ್ರಿಸುವ ಶಟರನ್ನು ಸೆಕೆಂಡಿನ 1/2000 ಭಾಗದಷ್ಟು ವೇಗಕ್ಕೆ ಇಟ್ಟುಕೊಳ್ಳುವುದೇ ಉಚಿತ. ಕಪ್ಪು-ಬಿಳುಪು ಮಿಂಚುಳ್ಳಿಯಂತೂ ಮೀನಿಗಾಗಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಅನಂತರ ನೇರವಾಗಿ ನೀರಿಗೆ ಎರಗುವ ಹಕ್ಕಿಯಾದ್ದರಿಂದ, ಆ ನಿಂತ ಕ್ಷಣಗಳಲ್ಲಿ ಅದರ ರೆಕ್ಕೆಯ ಪ್ರತಿ ಗರಿಯನ್ನೂ ಬಿಡಿಸಿ ತೋರಿಸಲು ಸಾಧ್ಯ.

ಸಿಂಧನೂರಿನ ಕಡೆ ದೃಶ್ಯ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಕರಿನೆಲದ ಎಷ್ಟೋ ಭಾಗ ಭತ್ತದ ಗದ್ದೆಯಾಗಿ, ಕೆಸರಿನ ಹುಳುಹುಪ್ಪಟೆ, ಬಸವನಹುಳುಗಳಿಗಾಗಿ ಬೆಳ್ಳಕ್ಕಿ, ಮೆಟ್ಟುಗಾಲು ಹಕ್ಕಿ, ಬಾಯ್ಕಳಕ ಕೊಕ್ಕರೆಗಳು ಅಲ್ಲಿ ಇಳಿಯುತ್ತವೆ. ಕಪ್ಪು ಕೆಸರಿನ ಎದುರು ಬೆಳ್ಳಕ್ಕಿ ನಿಂತಾಗ ಕ್ಯಾಮೆರಾ ಕತ್ತಲೆಯನ್ನೇ ಅಳೆದು ಬೆಳಕನ್ನು ಹೆಚ್ಚಿಸಿಬಿಡುವುದರಿಂದ ಗರಿಗಳ ವಿವರ ಅಳಿಸಿಹೋಗುತ್ತದೆ. ಬೆಳಕನ್ನು ಕೈಯಾರೆ ಒಂದು ಹಂತ ತಗ್ಗಿಸಬೇಕು.

ಮಸ್ಕಿಯಲ್ಲಿ ಹಕ್ಕಿಗಳಿಗಿಂತ ಬೆಟ್ಟದ ಶಾಸನವೇ ಹೆಚ್ಚು ಹೊತ್ತು ನಿಲ್ಲಿಸುತ್ತದೆ. 1915ರಲ್ಲಿ ಬೆಳಕಿಗೆ ಬಂದ ಆ ಬಂಡೆಬರಹದಿಂದಲೇ 'ದೇವಾನಾಂಪ್ರಿಯ'ನೆಂಬವನು ಅಶೋಕನೇ ಎಂಬುದು ಖಚಿತವಾಯಿತು. ಅಲ್ಲಿ ಹಕ್ಕಿಗಳ ಪ್ರಸ್ತಾಪವಿಲ್ಲ; ಆದರೆ ಅದೇ ಅರಸನ ಐದನೆಯ ಸ್ತಂಭಶಾಸನ ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಗಿಳಿ, ಗೊರವಂಕ, ಹಂಸ, ಚಕ್ರವಾಕಗಳನ್ನು ಹೆಸರಿಸುತ್ತದೆ. ಚಕ್ರವಾಕವೆಂದರೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ದಕ್ಷಿಣಕ್ಕೆ ಬರುವ ಕಿತ್ತಳೆಗಂದು ಬಣ್ಣದ ಬಾತು.

ಅಕ್ಕನವರು ನದಿ ರೀವದ ಮೊಟ್ಟೆಗಳ ಚಿತ್ರವನ್ನು ವಿಶೇಷವಾಗಿ ಕೇಳಿದ್ದರು. ಹಳದಿ ಕೊಕ್ಕು, ಕರಿ ನೆತ್ತಿ, ಆಳವಾಗಿ ಕವಲೊಡೆದ ಬಾಲವುಳ್ಳ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರಿನ ನಡುವಣ ದಿಬ್ಬದ ಬರಿನೆಲದಲ್ಲಿ ಸಣ್ಣ ತಗ್ಗು ಮಾಡಿ, ಸಾಮಾನ್ಯವಾಗಿ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಮರಳಿನ ಬಣ್ಣವನ್ನೇ ಹೋಲುವ ಆ ಮೊಟ್ಟೆಗಳು ಕಾಲಡಿಗೆ ಬಂದರೂ ಕಾಣುವುದಿಲ್ಲ. ರಾಯಚೂರಿನ ಬಿಸಿಲಿನಲ್ಲಿ ತಾಯಿತಂದೆಗಳು ನೆರಳಾಗಿ ನಿಂತು, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡಬೇಕು; ಮನುಷ್ಯ ದಿಬ್ಬವೇರಿದೊಡನೆ ಅವು ಹಾರಿ ಕೂಗಾಡುತ್ತವೆ, ಆ ಹೊತ್ತಿನಲ್ಲಿ ಮೊಟ್ಟೆ ಬೇಯುತ್ತದೆ ಅಥವಾ ಕಾಗೆಯ ಪಾಲಾಗುತ್ತದೆ. ಮರಳು ಗಣಿಗಾರಿಕೆ, ಬೀದಿನಾಯಿ, ಅಣೆಕಟ್ಟುಗಳಿಂದ ಅಕಾಲದಲ್ಲಿ ಏರುವ ನೀರು ಇವುಗಳಿಂದ ಮೊದಲೇ ನಲುಗಿರುವ ಈ ಹಕ್ಕಿಯನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಅಪಾಯಕ್ಕೀಡಾಗಬಲ್ಲ ಜೀವಿಯೆಂದು ಗುರುತಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕದಲಿಸುವುದನ್ನು ಬೇಟೆಯೆಂದೇ ಎಣಿಸುತ್ತದೆ. ಕಾಯ್ದೆ ಇರದಿದ್ದರೂ, ಹಕ್ಕಿಯನ್ನು ಎಬ್ಬಿಸಿ ತೆಗೆದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನು ಒಳ್ಳೆಯ ಚಿತ್ರವೆಂದು ಒಪ್ಪಲಾಗದು.

ಆದ್ದರಿಂದ ಈ ಲಕೋಟೆಯಲ್ಲಿ ಮೊಟ್ಟೆಗಳ ಚಿತ್ರವಿಲ್ಲ. ದೂರದ ಹರಗೋಲಿನಿಂದ ತೆಗೆದ, ಕೊಕ್ಕಿನಲ್ಲಿ ಮೀನು ಹಿಡಿದು ಜೊತೆಗಾತಿಯತ್ತ ಹಾರುತ್ತಿರುವ ಗಂಡು ರೀವದ ಚಿತ್ರವನ್ನು ಇಡಲಾಗಿದೆ. ಹಕ್ಕಿ ಚೌಕಟ್ಟಿನಲ್ಲಿ ಚಿಕ್ಕದಾಗಿದ್ದರೂ ಅದರ ಸುತ್ತಲಿನ ನದಿ ಪೂರ್ತಿಯಾಗಿ ಕಾಣುತ್ತದೆ. ಅವ್ವನವರಿಗೂ ಅಪ್ಪನವರಿಗೂ ನಮಸ್ಕಾರಗಳನ್ನು ತಿಳಿಸಬೇಕಾಗಿ ವಿನಂತಿ.

ಇತಿ,
ಅಕ್ಕನವರ ತಮ್ಮ