ರೈಲಿನಲ್ಲಿ ಬಂದ ಮೀನು

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರದಿಂದ ವಾಯವ್ಯ ದಿಕ್ಕಿಗೆ ಸುಮಾರು ಐವತ್ತು ಮೈಲಿ ಸಾಗಿದರೆ, ಪೊಟೋಮ್ಯಾಕ್ ನದಿಯ ದಂಡೆಯಲ್ಲಿ ಬ್ರನ್ಸ್‌ವಿಕ್ ಎಂಬ ಪುಟ್ಟ ಊರು ಸಿಗುತ್ತದೆ. ಬೇಸಗೆಯ ಮುಂಜಾನೆ ಅಲ್ಲಿ ನದಿಯ ಮೇಲೆ ಮಂಜು ತೆಳ್ಳಗೆ ಹರಡಿರುತ್ತದೆ. ದಡದ ಸಿಕಮೋರ್ ಮರಗಳ ಬಿಳಿಯ ಕಾಂಡಗಳು ಅದರೊಳಗಿಂದ ಒಂದೊಂದಾಗಿ ಮೂಡಿ ಬರುತ್ತವೆ. ಆ ಹೊತ್ತಿಗೆ ಒಬ್ಬಿಬ್ಬರು ಗಾಳಗಾರರು ತಮ್ಮ ಕಯಾಕ್‌ಗಳನ್ನು ಮೋಟಾರಿನ ಮೇಲಿಂದ ಇಳಿಸಿ, ಸದ್ದಿಲ್ಲದೆ ನೀರಿಗೆ ನೂಕುತ್ತಾರೆ. ಅವರು ಅರಸಿ ಬಂದಿರುವುದು ‘ಸ್ಮಾಲ್‌ಮೌತ್ ಬಾಸ್’, ಎಂದರೆ ಚಿಕ್ಕ ಬಾಯಿಯ ಬಾಸ್ ಮೀನು.

ಕಯಾಕ್ ಎಂಬುದು ನಮ್ಮ ಹರಿಗೋಲಿನ ದೂರದ ನಂಟ. ತುಂಗಭದ್ರೆಯ ಅಂಬಿಗನು ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದಂತೆಯೇ, ಉತ್ತರ ಧ್ರುವದ ಸಮೀಪದ ಇನ್ಯೂಯಿಟ್ ಜನರು ತೇಲಿಬಂದ ಕಟ್ಟಿಗೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಈ ದೋಣಿಯನ್ನು ಕಟ್ಟಿಕೊಂಡರು. ಹರಿಗೋಲು ಬುಟ್ಟಿಯಂತೆ ದುಂಡಗಿದ್ದರೆ, ಕಯಾಕ್ ಬಾಳೆಕಾಯಿಯಂತೆ ನೀಳ. ಒಬ್ಬನೇ ಕುಳಿತು, ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೀಟುತ್ತ ಸಾಗಬೇಕು. ಇಂದಿನ ಕಯಾಕ್ ಪ್ಲಾಸ್ಟಿಕ್ಕಿನದು. ಹತ್ತು ಹನ್ನೆರಡು ಅಡಿ ಉದ್ದ. ಕೆಲವೇ ಅಂಗುಲ ನೀರಿದ್ದರೂ ತೇಲುವುದರಿಂದ, ಬೇಸಗೆಯಲ್ಲಿ ಬಂಡೆಗಳು ಮೈ ತೋರುವ ಪೊಟೋಮ್ಯಾಕಿಗೆ ಇದಕ್ಕಿಂತ ತಕ್ಕ ವಾಹನವಿಲ್ಲ. ಯಂತ್ರದ ಗದ್ದಲವಿಲ್ಲದ ಕಾರಣ ಮೀನೂ ಬೆದರುವುದಿಲ್ಲ.

ಬ್ರನ್ಸ್‌ವಿಕ್‌ನಿಂದ ಪಾಯಿಂಟ್ ಆಫ್ ರಾಕ್ಸ್ ಎಂಬ ಊರಿನವರೆಗೆ ಸುಮಾರು ಆರು ಮೈಲಿಯ ಜಲಯಾನ. ನದಿಯ ಅಡಿಯಲ್ಲಿ ಕಲ್ಲಿನ ಹಾಸುಗಳು ಗೋಡೆಗಳಂತೆ ಅಡ್ಡಡ್ಡಲಾಗಿ ಚಾಚಿವೆ. ನೀರು ಅವುಗಳ ಮೇಲೆ ನೊರೆಗಟ್ಟಿ ಹಾರಿ, ಹಿಂಬದಿಯಲ್ಲಿ ಸುಳಿದು ಶಾಂತವಾಗುತ್ತದೆ. ಬಾಸ್ ಮೀನು ಕಾದಿರುವುದು ಈ ಶಾಂತಿಯ ಅಂಚಿನಲ್ಲಿ. ತಾನು ಮಾತ್ರ ಬಂಡೆಯ ಮರೆಯಲ್ಲಿ ನಿರಾಯಾಸವಾಗಿ ನಿಂತು, ಹರಿವು ತಂದೊಪ್ಪಿಸುವ ಸೀಗಡಿಯಂಥ ಕ್ರೇಫಿಶ್, ಸಣ್ಣ ಮೀನು, ಹುಳುಗಳನ್ನು ಕಸಿದುಕೊಳ್ಳುತ್ತದೆ. ಗಾಳಗಾರನ ವಿದ್ಯೆಯೆಲ್ಲ ಆ ಅಂಚನ್ನು ಗುರುತಿಸುವುದರಲ್ಲಿದೆ. ಕ್ರೇಫಿಶ್‌ನ ಆಕಾರದ ಮೆತುವಾದ ಹುಸಿ ಎರೆಯನ್ನು ಅವನು ಬಂಡೆಯ ಮೇಲ್ಭಾಗಕ್ಕೆ ಎಸೆದು, ಹರಿವಿನೊಡನೆ ಅದು ತಾನಾಗಿ ಉರುಳಿಬರುವಂತೆ ಬಿಡುತ್ತಾನೆ.

ಗಾಳಕ್ಕೆ ಸಿಕ್ಕಿದ ಮೀನು ನೀರಿನಿಂದ ಚಿಮ್ಮಿ ತಲೆ ಕೊಡವುತ್ತದೆ. ಮರುಗಳಿಗೆ ತಳಕ್ಕಿಳಿದು ಪ್ರವಾಹದತ್ತ ತಿರುಗುತ್ತದೆ. ತೂಕ ಎರಡು ಪೌಂಡಾದರೂ ಹಗುರವಾದ ಕಯಾಕನ್ನು ಅದು ತಿರುಗಿಸಿಬಿಡಬಲ್ಲದು. ಕೈಗೆ ಬಂದಾಗ ನೋಡಿದರೆ ಕಂಚಿನ ಮೈಬಣ್ಣ, ಪಕ್ಕೆಯಲ್ಲಿ ನೆಟ್ಟನೆಯ ಕಂದು ಪಟ್ಟೆಗಳು, ಕೆಂಪು ಛಾಯೆಯ ಕಣ್ಣು. ಈ ಮೀನು ನಿಧಾನವಾಗಿ ಬೆಳೆಯುತ್ತದೆ. ಒಂದಡಿ ಉದ್ದವಾಗಲು ಮೂರು ನಾಲ್ಕು ವರ್ಷಗಳೇ ಬೇಕು. 1955ರಲ್ಲಿ ಡೇಲ್ ಹಾಲೋ ಎಂಬ ಜಲಾಶಯದಲ್ಲಿ ಸಿಕ್ಕಿದ, ಹನ್ನೆರಡು ಪೌಂಡಿಗೆ ಒಂದೇ ಔನ್ಸ್ ಕಡಮೆಯಿದ್ದ ಮೀನು ಜಗತ್ತಿನ ದಾಖಲೆಯೆನಿಸಿತು.

ವಿಚಿತ್ರವೆಂದರೆ, ಪೊಟೋಮ್ಯಾಕಿನ ಅಭಿಮಾನವೆನಿಸಿದ ಈ ಮೀನು ಅಲ್ಲಿಯ ಮೂಲನಿವಾಸಿಯಲ್ಲ. ಅದರ ತವರು ಪರ್ವತಗಳ ಆಚೆಯ ಮಹಾಸರೋವರಗಳು ಮತ್ತು ಓಹಾಯೋ, ಮಿಸಿಸಿಪಿ ನದಿಗಳ ಪ್ರದೇಶ. ಅಪಲೇಚಿಯನ್ ಪರ್ವತ ಶ್ರೇಣಿಯನ್ನು ದಾಟುವ ಶಕ್ತಿ ಮೀನಿಗೆಲ್ಲಿಯದು? ಅದನ್ನು ದಾಟಿಸಿದ್ದು ರೈಲು. 1854ರಲ್ಲಿ ವ್ಹೀಲಿಂಗ್ ಪಟ್ಟಣದ ಜನರಲ್ ಶ್ರೈವರ್ ಎಂಬಾತನು ಸುಮಾರು ಮೂವತ್ತು ಮೀನುಗಳನ್ನು ತೂತು ಕೊರೆದ ಬಕೆಟ್ಟಿನಲ್ಲಿಟ್ಟು, ಬಾಲ್ಟಿಮೋರ್ ಮತ್ತು ಓಹಾಯೋ ರೈಲ್ವೆಯ ಉಗಿಯಂತ್ರಕ್ಕೆ ನೀರೊದಗಿಸುವ ತೊಟ್ಟಿಯಲ್ಲಿ ತೂಗಬಿಟ್ಟು ಕಂಬರ್ಲೆಂಡಿಗೆ ತಂದನು. ಅಲ್ಲಿಯ ಕಾಲುವೆಯ ಕೊಳದಲ್ಲಿ ಬಿಟ್ಟ ಮೀನುಗಳು ನದಿಗೆ ನುಸುಳಿಕೊಂಡವು. ಆ ಕಾಲುವೆ ಮತ್ತು ಆ ರೈಲು ಹುಟ್ಟು ಎದುರಾಳಿಗಳು. 1828ರ ಜುಲೈ 4ರಂದು, ಒಂದೇ ದಿನ, ಎರಡರ ಕೆಲಸವೂ ಆರಂಭವಾಯಿತು. ಪಾಯಿಂಟ್ ಆಫ್ ರಾಕ್ಸಿನ ಬಳಿ ಬೆಟ್ಟಕ್ಕೂ ನದಿಗೂ ನಡುವಿನ ಇಕ್ಕಟ್ಟಾದ ದಾರಿಗಾಗಿ ಇಬ್ಬರೂ ವ್ಯಾಜ್ಯವಾಡಿದರು. ಕಾಲುವೆಯ ವ್ಯಾಪಾರ 1924ರಲ್ಲಿ ನಿಂತುಹೋಯಿತು. ರೈಲು ಇಂದಿಗೂ ದಡದುದ್ದಕ್ಕೂ ಓಡುತ್ತಿದೆ. ಹಳೆಯ ಎದುರಾಳಿಗಳು ಕೂಡಿ ತಂದ ಬಳುವಳಿ ಮಾತ್ರ ನದಿಯಲ್ಲಿ ಉಳಿದಿದೆ.

ಈ ನದಿಗೂ ವ್ಯಾಜ್ಯ ಹೊಸದಲ್ಲ. 1632ರ ರಾಜಶಾಸನದ ಪ್ರಕಾರ ನದಿಯ ಪಾತ್ರವೆಲ್ಲ ಮೇರಿಲ್ಯಾಂಡ್ ಸಂಸ್ಥಾನಕ್ಕೆ ಸೇರಿದ್ದು. ಎದುರು ದಡದ ವರ್ಜೀನಿಯಾ ಸಂಸ್ಥಾನಕ್ಕೆ ನೀರೆತ್ತುವ ಹಕ್ಕಿದೆಯೆಂದು 2003ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಕಾವೇರಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ನೀರು ಯಾರದೆಂಬುದಕ್ಕಿಂತ ನೀರು ಹೇಗಿದೆಯೆಂಬುದು ಮೀನಿಗೆ ಮುಖ್ಯ. 1965ರಲ್ಲಿ ಅಧ್ಯಕ್ಷ ಜಾನ್ಸನ್ ಅವರು ಪೊಟೋಮ್ಯಾಕನ್ನು ರಾಷ್ಟ್ರಕ್ಕೇ ಅಪಕೀರ್ತಿಯೆಂದು ಕರೆದಿದ್ದರು. 1972ರ ಜಲಶುದ್ಧಿ ಕಾಯಿದೆಯ ತರುವಾಯ ಕೊಳಚೆ ಬಹುಮಟ್ಟಿಗೆ ತಗ್ಗಿತು; ಅದೇ ವರ್ಷ ಡಿಡಿಟಿ ನಿಷೇಧವಾದ ಮೇಲೆ ಬೋಳುತಲೆಯ ಹದ್ದುಗಳು ದಡದ ಮರಗಳಿಗೆ ಮರಳಿದವು. ಎಲ್ಲವೂ ಸರಿಹೋಯಿತೆಂದು ಜನರು ನಂಬತೊಡಗಿದಾಗ, 2003ರಲ್ಲಿ ನದಿಯ ಮೇಲ್ಭಾಗದ ಉಪನದಿಯೊಂದರಲ್ಲಿ ವಿಜ್ಞಾನಿಗಳು ಕಂಡ ಸಂಗತಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಗಂಡು ಬಾಸ್‌ಗಳ ವೃಷಣದೊಳಗೆ ಅಪಕ್ವವಾದ ಮೊಟ್ಟೆಗಳಿದ್ದವು! ಬಳಿಕ ಈ ನದಿ ಪ್ರದೇಶದ ಹಲವೆಡೆ ಪರೀಕ್ಷಿಸಿದ ಗಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಾಗೆಯೇ ಇದ್ದವು. ಹೊಲಗಳ ಗೊಬ್ಬರ, ಕೀಟನಾಶಕ, ಪಟ್ಟಣಗಳ ಚರಂಡಿ ಇವುಗಳೊಡನೆ ಹರಿದುಬರುವ, ಹೆಣ್ಣಿನ ಹಾರ್ಮೋನನ್ನು ಅನುಕರಿಸುವ ರಾಸಾಯನಿಕಗಳ ಮೇಲೆ ಸಂಶಯ ಬಿದ್ದಿದೆ; ಇದೊಂದೇ ಕಾರಣವೆಂದು ಬೆರಳು ತೋರುವಂತಿಲ್ಲ. ಆ ನೀರನ್ನೇ ಶುದ್ಧಮಾಡಿ ರಾಜಧಾನಿಯ ಜನರು ಕುಡಿಯುತ್ತಾರೆಂಬುದನ್ನು ನೆನೆದಾಗ, ಇದು ಗಾಳಗಾರರ ಚಿಂತೆ ಮಾತ್ರವಾಗಿ ಉಳಿಯುವುದಿಲ್ಲ.

ಗಂಡು ಬಾಸ್ ಕೆಟ್ಟರೆ ಸಂಸಾರವೇ ಕೆಟ್ಟಂತೆ. ವಸಂತದಲ್ಲಿ ನೀರು ಬೆಚ್ಚಗಾದಾಗ ಬಾಲದಿಂದ ಜಲ್ಲಿಯನ್ನು ಗುಡಿಸಿ ಗೂಡು ಮಾಡುವವನು ಅವನೇ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತಾಳೆ. ಮೊಟ್ಟೆಗೂ ಮರಿಗೂ ಕಾವಲು ನಿಲ್ಲುವವನು ತಂದೆ. ಅವನನ್ನು ಸ್ವಲ್ಪ ಹೊತ್ತು ದೂರಮಾಡಿದರೂ ಸಣ್ಣಪುಟ್ಟ ಮೀನುಗಳು ಗೂಡನ್ನು ಬರಿದುಮಾಡುತ್ತವೆ. ಕಾವಲಿದ್ದರೂ ಒಂದು ನೆರೆ ಸಾಕು, ಆ ವರ್ಷದ ಸಂತಾನವೆಲ್ಲ ಕೊಚ್ಚಿಹೋಗಲು. ಆದುದರಿಂದಲೇ ಆ ಋತುವಿನಲ್ಲಿ ಹಿಡಿದ ಬಾಸನ್ನು ಕೂಡಲೇ ನೀರಿಗೆ ಬಿಡಬೇಕೆಂದು ಮೇರಿಲ್ಯಾಂಡ್ ವಿಧಿಸಿದೆ. ಅನೇಕ ಗಾಳಗಾರರು ವರ್ಷವಿಡೀ ಇದೇ ವ್ರತವನ್ನು ಪಾಲಿಸುತ್ತಾರೆ.

ಇದೇ ಮೀನಿಗೆ ಪಶ್ಚಿಮದ ಕೊಲರಾಡೊ ನದಿಯಲ್ಲಿ ಬೇರೆಯೇ ಹೆಸರು. ಅಲ್ಲಿ ಅದು ಅಪರೂಪದ ಮೂಲ ಮೀನುಗಳನ್ನು ನುಂಗುವ ದರೋಡೆಕೋರ. ಹಿಡಿದದ್ದನ್ನು ಕೊಲ್ಲುವುದೇ ಅಲ್ಲಿ ಪುಣ್ಯಕಾರ್ಯ. ಒಂದೆಡೆ ಅತಿಥಿ, ಇನ್ನೊಂದೆಡೆ ಕಳ್ಳ! ಹೊತ್ತೊಯ್ದು ಬಿಟ್ಟವನು ಮನುಷ್ಯ. ನಿಂದೆಯೂ ಸ್ತುತಿಯೂ ಮೀನಿನ ಪಾಲಿಗೆ.

ಸಂಜೆಯ ಹೊತ್ತಿಗೆ ಪಾಯಿಂಟ್ ಆಫ್ ರಾಕ್ಸಿನ ಹಳೆಯ ರೈಲ್ವೆ ನಿಲ್ದಾಣದ ಗೋಪುರ ಸಮೀಪಿಸುತ್ತದೆ. ಕೊನೆಯ ಬಂಡೆಯ ಮರೆಯಲ್ಲಿ ಸಿಕ್ಕಿದ ಮೀನನ್ನು ಗಾಳಗಾರನು ಒದ್ದೆ ಮಾಡಿದ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ಹರಿವಿಗೆ ಮುಖಮಾಡಿ ನೀರಿನಲ್ಲಿ ನಿಲ್ಲಿಸುತ್ತಾನೆ. ನೋಡಲು ಅದು ಆರೋಗ್ಯವಾಗಿಯೇ ಇದೆ. ಒಳಗಿನ ಕೇಡು ಹೊರಗೆ ಕಾಣುವುದಿಲ್ಲ. ಕಿವಿರು ಎರಡು ಸಲ ಆಡುತ್ತದೆ. ಬಾಲ ಒಮ್ಮೆ ಬಡಿದು, ಕಂಚಿನ ಮೈ ಕಲ್ಲಿನ ಬಣ್ಣದಲ್ಲಿ ಸೇರಿಹೋಗುತ್ತದೆ. ಬರುವ ವಸಂತದಲ್ಲಿ ಅದು ಗೂಡು ಕಟ್ಟಬೇಕು, ಕಾವಲು ನಿಲ್ಲಬೇಕು. ಅಷ್ಟಕ್ಕೆ ಬೇಕಾದ ನೀರನ್ನು ಉಳಿಸಿಕೊಡುವುದು ಮಾತ್ರ ದಡದ ಮೇಲಿನವರ ಕೆಲಸ.