ಅತ್ತೆ ಮತ್ತು ಸಿಎಸ್‌ಪಿ (ಭಾಗ 7)

ಟಿ.ಎನ್. ಸೀತಾರಾಮ್ ಅವರ ‘ಮುಕ್ತ’, ‘ಮಗಳು ಜಾನಕಿ’ ನೋಡಿದ್ದೀರಾ? ಇಲ್ಲಾಂದ್ರೆ ಅಮ್ಮನ್ನ ಕೇಳಿ. ಸಿಎಸ್‌ಪಿ ಅಂದ್ರೆ ಸಾಕು, ಮೆಲ್ಲಗೆ ಶುರುವಾಗೋ ಆ ಪಾಟೀಸವಾಲು ನೆನಪಾಗುತ್ತೆ. ಆ ವಕೀಲನ ಪಾತ್ರ ಮಾಡಿದ್ದೂ ಸೀತಾರಾಮ್ ಅವರೇ. ಅವರು ಲಾ ಓದಿದವರು ಬೇರೆ.

ನಮ್ಮತ್ತೆ ತಾಲ್ಲೂಕು ಕೋರ್ಟಲ್ಲಿ ವಕೀಲೆ. ಇಡೀ ದಿನ ಅಲ್ಲೇ ಇದ್ದು ಬಂದು, ರಾತ್ರಿ ಯೂಟ್ಯೂಬಲ್ಲಿ ಮತ್ತೆ ಕೋರ್ಟೇ ನೋಡ್ತಾರೆ! ನಡುನಡುವೆ ಪಾಸ್ ಮಾಡಿ ನನಗೆ ಪಾಠ: “ಚೀಫಲ್ಲಿ ಲೀಡಿಂಗ್ ಪ್ರಶ್ನೆ ಕೇಳೋ ಹಾಗಿಲ್ಲ, ಕ್ರಾಸಲ್ಲಿ ಕೇಳಬಹುದು.” (ನಮ್ಮ ಬಿಸಿನೆಸ್ ಲಾ ಪೇಪರಲ್ಲಿ ಇದು ಬರಲ್ಲ, ಹುಡುಕಬೇಡಿ.)

ನಿಜವಾದ ಕೋರ್ಟೇ ಇರುವಾಗ ಈ ಹುಚ್ಚು ಯಾಕೆ ಅಂತ ಕೇಳಿದೆ. ಅವರು ಒಂದು ಜೀವನಾಂಶದ ಕೇಸು ಹೇಳಿದ್ರು. “ನೀವೇ ಮನೆ ಬಿಟ್ಟು ಬಂದ್ರಿ ಅಲ್ವಾ?” ಅಂತ ಎದುರು ವಕೀಲರು ಕೇಳಿದಾಗ ಆ ಹೆಂಗಸು ತುಂಬಾ ಹೊತ್ತು ಮಾತಾಡಲಿಲ್ಲ. ಸೆರಗಲ್ಲಿ ಕಣ್ಣೊರೆಸಿಕೊಂಡು ‘ಇಲ್ಲ’ ಅಂದ್ರಂತೆ. ಟೈಪ್ ಆಗಿದ್ದು ಒಂದೇ ಸಾಲು: ‘ನಾನೇ ಗಂಡನ ಮನೆ ಬಿಟ್ಟು ಬಂದೆ ಎಂದರೆ ಸರಿಯಲ್ಲ.’

ಸಾಕ್ಷಿಯ ಹಾವಭಾವ ಬರೆದುಕೊಳ್ಳೋಕೆ ಕಾನೂನಲ್ಲಿ ಅವಕಾಶ ಇದೆ. ಬೋರ್ಡ್ ತುಂಬಾ ಕೇಸಿರುವಾಗ ಯಾರಿಗೆ ಪುರುಸೊತ್ತು?

“ಅವಳು ಸುಮ್ಮನಿದ್ದಳಲ್ಲ, ಆ ಹೊತ್ತು ಎಲ್ಲಿ ಹೋಯ್ತು ಹೇಳು?” ಅಂದ್ರು ಅತ್ತೆ. “ಸಿಎಸ್‌ಪಿ ಕೋರ್ಟಲ್ಲಿ ಕ್ಯಾಮೆರಾ ಅವಳ ಮುಖದ ಮೇಲೇ ನಿಲ್ತಿತ್ತು ಕಣೇ.”

ಆ ಕೇಸಿಗೆ ಇನ್ನೊಂದು ವಾಯಿದೆ ಬಿದ್ದಿದೆ. ಅತ್ತೆ ‘ಮಗಳು ಜಾನಕಿ’ ಮತ್ತೆ ಮೊದಲಿಂದ ಶುರು ಮಾಡಿದ್ದಾರೆ. ನಿಮ್ಮನೇಲಿ ಸಿಎಸ್‌ಪಿ ಫ್ಯಾನ್ ಯಾರು? ಕಾಮೆಂಟಲ್ಲಿ ಹೇಳಿ.